ಅಪ್ಪನ ಡಿಟಿಪಿ ಕಂಪ್ಯೂಟರನ್ನು ಇಡಿಯಾಗಿ ಒಂದೇ ಫೈಲ್ ಮಾಡಿ ಇಡಬಹುದಾ?

ಅಚ್ಚುಮೊಳೆ (ಉಡುಪಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಕಥೆ ಉಂಟು, ಬೇಜಾರು ಮಾಡಬೇಡಿ.

ರಥಬೀದಿಯ ಹತ್ತಿರ ಅಪ್ಪನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶೋತ್ಸವದ ಆಮಂತ್ರಣ, ಎರಡು ವರ್ಷಕ್ಕೊಮ್ಮೆ ಪರ್ಯಾಯದ ಸಮಯಕ್ಕೆ ರಾಶಿ ಕೆಲಸ. 2004ರಲ್ಲಿ ತೆಗೆದ ಕಂಪ್ಯೂಟರ್ ಈಗಲೂ ಅಲ್ಲೇ ಕೂತಿದೆ. ಪೆಂಟಿಯಮ್ 4, 512 ಎಂಬಿ ರ‍್ಯಾಮ್, 80 ಜಿಬಿಯ ಐಡಿಇ (ಹಳೆ ಕಾಲದ ಕೇಬಲ್ ಜೋಡಣೆಯ) ಹಾರ್ಡ್‌ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಪುಟ ಕಟ್ಟುವ ಪೇಜ್‌ಮೇಕರ್ 7, ಚಿತ್ರ ಬಿಡಿಸುವ ಕೋರಲ್ ಡ್ರಾ 12, ಕನ್ನಡ ಟೈಪಿಗೆ ಶ್ರೀಲಿಪಿ, ನುಡಿ ಎಲ್ಲ ಅದರಲ್ಲೇ.

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಈ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಅಂಗಡಿಯಲ್ಲಿ ಕೆಲಸ ಕಡಿಮೆ. ಈಗಲೇ ಎಲ್ಲ ಹೊಸ ಲ್ಯಾಪ್‌ಟಾಪ್‌ಗೆ ಹಾಕಿಬಿಡುವ ಅಂತ ಹೊರಟೆ. ಕಳೆದ ವರ್ಷವೂ ಒಮ್ಮೆ ಪೆನ್‌ಡ್ರೈವ್‌ನಲ್ಲಿ ಮೈ ಡಾಕ್ಯುಮೆಂಟ್ಸ್ ಪೂರ್ತಿ ಕಾಪಿ ಮಾಡಿದ್ದೆ. ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಅದರ ತಲೆಯ ಮೇಲೆ ಚುಕ್ಕಿ ಕೊಂಬು. ಅಪ್ಪ ನೋಡಿ "ಇದು ಯಾವ ಭಾಷೆ ಮಗಾ" ಅಂದರು.

ಇದರ ನಡುವೆ ಕಳೆದ ವಾರದ ಗುಡುಗು ಮಳೆಯ ಮರುದಿನದಿಂದ ಆ ಕಂಪ್ಯೂಟರ್ ಮೂರು ನಾಲ್ಕು ಸಲ ಒತ್ತಿದರೆ ಒಮ್ಮೆ ಏಳುತ್ತದೆ. ಒಳಗೆ ಟಕ್ ಟಕ್ ಶಬ್ದ ಬೇರೆ. ಡಿಸ್ಕನ್ನೇ ವಿಎಚ್‌ಡಿ ಅಂತ ಒಂದು ಫೈಲ್ ಮಾಡಬಹುದು, ಅದನ್ನು ಹೊಸ ಕಂಪ್ಯೂಟರ್‌ನಲ್ಲಿ ಡ್ರೈವ್ ಹಾಗೆ ತೆರೆಯಬಹುದು ಅಂತ ಒಬ್ಬರು ಹೇಳಿದರು. ಹೌದಾ? ನಮ್ಮಂಥವರ ಕೈಯಲ್ಲಿ ಆಗುತ್ತದಾ?

ಗಡ್‌ಬಡ್ (ಮಣಿಪಾಲ)

ಆಗುತ್ತದೆ ಅಕ್ಕ. ನೀವು ಕೇಳಿದ್ದು ಸರಿಯಾಗಿಯೇ ಉಂಟು.

ವಿಎಚ್‌ಡಿ ಅಂದರೆ ಫೈಲ್ ವೇಷ ಹಾಕಿದ ಹಾರ್ಡ್‌ಡಿಸ್ಕ್. ಡಿಸ್ಕಿನ ಭಾಗಗಳು (ಪಾರ್ಟಿಶನ್), ಫೋಲ್ಡರ್, ಫಾಂಟ್, ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿ ಎಲ್ಲ ಇದ್ದಲ್ಲೇ ಇರುತ್ತದೆ. ಮೂಲತಃ ಕನೆಕ್ಟಿಕ್ಸ್ ಎಂಬ ಕಂಪನಿ ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ತನ್ನ ವರ್ಚುವಲ್ ಪಿಸಿಗೆ ಮಾಡಿದ ರೂಪ ಅದು. 2003ರಲ್ಲಿ ಮೈಕ್ರೋಸಾಫ್ಟ್ ಆ ವರ್ಚುವಲ್ ಪಿಸಿಯನ್ನು ಕೊಂಡುಕೊಂಡಿತು. ತಮಾಷೆ ಏನೆಂದರೆ, ಇವತ್ತಿಗೂ ಪ್ರತಿ ವಿಎಚ್‌ಡಿ ಫೈಲಿನ ಕೊನೆಯ 512 ಬೈಟ್‌ನಲ್ಲಿ ಆ ಹಳೆ ಕಂಪನಿಯ ಹೆಸರೇ ಗುರುತಾಗಿ ಕೂತಿದೆ.

ವಿಂಡೋಸ್ 7ರಿಂದ ಮುಂದೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಟ್ಯಾಚ್ ವಿಎಚ್‌ಡಿ ಕೊಟ್ಟರೆ ಹೊಸ ಡ್ರೈವ್ ಬಂದು ಕೂರುತ್ತದೆ. ವಿಂಡೋಸ್ 8ರ ನಂತರ ಡಬಲ್ ಕ್ಲಿಕ್ ಸಾಕು. ವಿಎಚ್‌ಡಿಎಕ್ಸ್ ಅಂತ ಹೊಸ ರೂಪವೂ ಉಂಟು, 64 ಟಿಬಿವರೆಗೆ ಹೋಗುತ್ತದೆ. ಹಳೆಯದಕ್ಕೆ ಸುಮಾರು 2 ಟಿಬಿ ಮಿತಿ. ನಿಮ್ಮ 80 ಜಿಬಿಗೆ ಹಳೆಯದೇ ಧಾರಾಳ.

ಮಾಡಲಿಕ್ಕೆ ಮೈಕ್ರೋಸಾಫ್ಟ್‌ನದೇ ಆದ ಸಿಸ್‌ಇಂಟರ್ನಲ್ಸ್‌ನ ಡಿಸ್ಕ್‌ಟುವಿಎಚ್‌ಡಿ ಅನ್ನುವ ಸಾಧನ ಇದೆ. ಕಂಪ್ಯೂಟರ್ ಓಡುತ್ತಿರುವಾಗಲೇ ಅದರ ನಕಲು ತೆಗೆಯುತ್ತದೆ. ಟಿಕ್ ಹಾಕಿ, ಕ್ರಿಯೇಟ್ ಒತ್ತಿ, ಚಾ ಕುಡಿದು ಬನ್ನಿ. ಒಂದೇ ತೊಂದರೆ, ಈಗ ಸಿಗುವ ಆವೃತ್ತಿ ಎಕ್ಸ್‌ಪಿಯಲ್ಲಿ ಓಡುವುದಿಲ್ಲ. ಮೊದಲಿನದು ಓಡುತ್ತಿತ್ತು. ಅದನ್ನು ಗುರುತು ಪರಿಚಯ ಇಲ್ಲದ ಸೈಟ್‌ಗಳಿಂದ ಇಳಿಸುವುದಕ್ಕೆ ನಾನಂತೂ ಹೇಳುವುದಿಲ್ಲ.

ಹಂಪನಕಟ್ಟೆ ರಿಪೇರಿ (ಮಂಗಳೂರು)

ಒಂದು ನಿಮಿಷ ಮಾರಾಯ್ರೆ. ಎಲ್ಲ ಬಿಟ್ಟು ಮೊದಲು ಇದನ್ನು ಕೇಳಿ. ಟಕ್ ಟಕ್ ಅಂತ ಶಬ್ದ ಬಂದರೆ ಆ ಕಂಪ್ಯೂಟರ್ ಆನ್ ಮಾಡಬೇಡಿ. "ಇನ್ನೊಂದು ಸಲ ನೋಡುವ" ಅಂತ ಒತ್ತಿ ಒತ್ತಿಯೇ ಇದ್ದ ಡಿಸ್ಕ್ ಹಾಳು ಮಾಡಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಓಡುತ್ತಿರುವ ವಿಂಡೋಸ್‌ನ ಒಳಗಿಂದಲೇ ನಕಲು ತೆಗೆಯುವುದು ಆರೋಗ್ಯದ ಡಿಸ್ಕಿಗೆ ಸರಿ. ಕಾಯಿಲೆಯ ಡಿಸ್ಕಿಗೆ ಅಲ್ಲ. ವಿಂಡೋಸ್ ಎದ್ದೇಳುವಾಗಲೇ ಸಾವಿರ ಕಡೆ ಓದಿ ಬರೆದು ಮಾಡುತ್ತದೆ.

ಇನ್ನೊಂದು ಮಾತು. ಶಬ್ದ ಬಂದ ಕೂಡಲೇ ಡಿಸ್ಕಿನದೇ ತಪ್ಪು ಅನ್ನಲೂ ಆಗುವುದಿಲ್ಲ. ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಸೋತು 12 ವೋಲ್ಟ್ ಸರಿಯಾಗಿ ಬರದಿದ್ದರೂ ಡಿಸ್ಕ್ ಹೀಗೆಯೇ ತಡವರಿಸುತ್ತದೆ. ಆ ಕಾಲದ ಬೋರ್ಡ್‌ಗಳಲ್ಲಿ ಕೆಪಾಸಿಟರ್ ತಲೆ ಉಬ್ಬುವುದು ಮಾಮೂಲು. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಕನೆಕ್ಟರ್ ಪಿನ್ ಹಸಿರು ಹಿಡಿಯುವುದಂತೂ ಕೇಳುವುದೇ ಬೇಡ. ಮೂರು ನಾಲ್ಕು ಸಲಕ್ಕೆ ಒಮ್ಮೆ ಏಳುತ್ತದೆ ಅಂದಿರಲ್ಲ, ನನಗೆ ಎಸ್‌ಎಂಪಿಎಸ್ ಮೇಲೆಯೇ ಸಂಶಯ.

ಡಿಸ್ಕ್ ಬಿಚ್ಚಿ ಹೊರಗೆ ತೆಗೆಯಿರಿ. ಐಡಿಇಯಿಂದ ಯುಎಸ್‌ಬಿಗೆ ಅಡಾಪ್ಟರ್ ಸಿಗುತ್ತದೆ. ಜೊತೆಗೆ ಪ್ರತ್ಯೇಕ ಪವರ್ ಇಟ್ಟಿಗೆ ಇರುವುದನ್ನೇ ತೆಗೆದುಕೊಳ್ಳಿ. ಮೂರೂವರೆ ಇಂಚಿನ ಡಿಸ್ಕ್ ಯುಎಸ್‌ಬಿಯ ಕರೆಂಟಿನಲ್ಲಿ ತಿರುಗುವುದಿಲ್ಲ. ಡಿಸ್ಕಿನ ಹಿಂದೆ ಇರುವ ಜಂಪರ್ (ಪಿನ್ನಿಗೆ ಹಾಕುವ ಪುಟ್ಟ ಟೋಪಿ) ಮಾಸ್ಟರ್ ಅಂತ ಇರುವ ಜಾಗದಲ್ಲಿರಲಿ.

ನೀರುದೋಸೆ (ಬ್ರಹ್ಮಾವರ)

ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೆ. ಆದರೂ ಕೇಳುತ್ತೇನೆ. ಬೇಕಾದ ಫೋಲ್ಡರ್ ಸುಮ್ನೆ ಕಾಪಿ ಮಾಡಿದ್ರೆ ಸಾಲದಾ? ಇಪ್ಪತ್ತು ವರ್ಷದ ಹಿಂದಿನ ಮದುವೆ ಕಾಗದ ಇಟ್ಟುಕೊಂಡು ಎಂತ ಮಾಡುವುದು? ಆ ಜೋಡಿಯ ಮಕ್ಕಳೇ ಈಗ ಕಾಲೇಜಿಗೆ ಹೋಗುತ್ತಿರಬಹುದು.

ಅಚ್ಚುಮೊಳೆ

ಹಹ, ಸರಿಯಾದ ಪ್ರಶ್ನೆ ಆಂಟಿ. ಆದರೆ ಅಪ್ಪನ ಅಂಗಡಿ ನಡೆಯುವುದೇ ಹಳೆ ಫೈಲಿನಲ್ಲಿ. ಪ್ರತಿ ವರ್ಷ ಅದೇ ನೇಮ, ಅದೇ ಜಾತ್ರೆ, ಅದೇ ಸಮಿತಿ. ಹೋದ ವರ್ಷದ್ದನ್ನು ತೆರೆದು ತಾರೀಖು, ತಿಥಿ, ಹೊಸ ಅಧ್ಯಕ್ಷರ ಹೆಸರು ಬದಲಿಸಿದರೆ ಮುಗಿಯಿತು. ಅದಿಲ್ಲದಿದ್ದರೆ ನಲವತ್ತು ಹೆಸರು, ಎಲ್ಲರ ಮನೆತನ, ಯಾರ ಹೆಸರಿನ ನಂತರ ಯಾರ ಹೆಸರು, ಎಲ್ಲ ಮತ್ತೆ ಮೊದಲಿನಿಂದ. ಹೆಸರಿನ ಕ್ರಮ ತಪ್ಪಿದರೆ ಆಗುವ ಜಗಳ ನೀವು ನೋಡಿಲ್ಲ!

ಬರೀ ಫೋಲ್ಡರ್ ಕಾಪಿ ಮಾಡಿ ಏನಾಯಿತು ಅಂತ ಮೇಲೆಯೇ ಹೇಳಿದೆನಲ್ಲ.

ರಿಪೇರಿ ಅಣ್ಣ, ಕಂಪ್ಯೂಟರ್ ಪ್ಲಗ್ಗೇ ತೆಗೆದಿಟ್ಟೆ. ಮನೆಯಲ್ಲಿ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಉಂಟು. ಅದು ಸಾಕಲ್ವಾ? ಟಿವಿಗೆ ಹಾಕಲಿಕ್ಕೆ ಫ್ಯಾಟ್32 ಫಾರ್ಮ್ಯಾಟ್ ಮಾಡಿಟ್ಟದ್ದು.

ಟಕ್ಸ್ (ಕುಂದಾಪುರ)

ಹ್ವಾಯ್, ಫ್ಯಾಟ್32 ಬೇಡ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ನಿಮ್ಮದು 75 ಜಿಬಿ ಹತ್ತಿರದ ಒಂದೇ ಫೈಲ್ ಆಗುತ್ತದೆ. ಅದರಲ್ಲಿರುವ ಸಿನಿಮಾಗಳನ್ನು ಬೇರೆ ಕಡೆ ಹಾಕಿ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿ.

80 ಜಿಬಿ ಡಿಸ್ಕ್ 75 ಹೇಗೆ ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಡಿಸ್ಕ್ ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಕಳ್ಳ ಲೆಕ್ಕ ಅಲ್ಲ, ಸೇರು ಬೇರೆ ಬೇರೆ ಅಷ್ಟೆ.

ಈಗ ಕೆಲಸ. ವಿಂಡೋಸ್ ಓಡುತ್ತಿರುವಾಗ ಲ್ಯಾಪ್‌ಟಾಪ್‌ಗೆ ಆ ಹಳೆ ಡಿಸ್ಕನ್ನು ಸಿಕ್ಕಿಸಬೇಡಿ. ಸಿಕ್ಕಿಸಿದ ಕೂಡಲೇ ಅದು ಏನಾದರೂ ಬರೆಯಲಿಕ್ಕೆ ನೋಡುತ್ತದೆ. ಸರಿಯಾಗಿ ಓದಲಿಕ್ಕೆ ಆಗದಿದ್ದರೆ "ಫಾರ್ಮ್ಯಾಟ್ ಮಾಡಲಾ" ಅಂತ ಕೇಳುತ್ತದೆ, ಮನೆಯಲ್ಲಿ ಯಾರೋ ಒಬ್ಬರು ಹೌದು ಒತ್ತುತ್ತಾರೆ. ಪೆನ್‌ಡ್ರೈವ್‌ನಲ್ಲಿ ಉಬುಂಟು (ವಿಂಡೋಸ್ ಬದಲಿಗೆ ಓಡುವ ಲಿನಕ್ಸ್ ವ್ಯವಸ್ಥೆ) ಹಾಕಿ ಅದರಿಂದ ಲ್ಯಾಪ್‌ಟಾಪ್ ಎಬ್ಬಿಸಿ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಟ್ರೈ ಸಾಕು. ಅದರಲ್ಲಿ ಡಿಡಿರೆಸ್ಕ್ಯೂ ಅನ್ನುವ ಸಾಧನ ಹಾಕಿಕೊಳ್ಳಿ.

ಇದರ ಒಳ್ಳೆಯ ಗುಣ ಏನೆಂದರೆ, ಹಠ ಮಾಡುವುದಿಲ್ಲ. ಮಾಮೂಲಿ ಕಾಪಿಯಲ್ಲಿ ಒಂದು ಕಡೆ ಓದಲು ಬರದಿದ್ದರೆ ಅಲ್ಲೇ ಕೂತು ತಿಕ್ಕುತ್ತದೆ. ಇದು ಮೊದಲು ಸುಲಭದಲ್ಲಿ ಬರುವುದನ್ನೆಲ್ಲ ತೆಗೆದುಕೊಳ್ಳುತ್ತದೆ. ಕಷ್ಟದ ಜಾಗವನ್ನು ಗುರುತು ಮಾಡಿ ಮುಂದೆ ಹೋಗುತ್ತದೆ. ಕೊನೆಗೆ ತಿರುಗಿ ಬಂದು ಅದನ್ನು ಚೂರು ಚೂರಾಗಿ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಆಯಿತು ಅನ್ನುವುದು ಒಂದು ಮ್ಯಾಪ್ ಫೈಲಿನಲ್ಲಿ ಇರುತ್ತದೆ. ನಡುವೆ ನಿಂತರೆ ಅದೇ ಮ್ಯಾಪ್ ಕೊಟ್ಟು ಬಿಟ್ಟಲ್ಲಿಂದ ಮುಂದುವರಿಸಬಹುದು. ಆ ಮ್ಯಾಪನ್ನು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲೇ ಇಡಿ. ಪೆನ್‌ಡ್ರೈವ್ ಉಬುಂಟುವಿನ ಡೆಸ್ಕ್‌ಟಾಪ್‌ನಲ್ಲಿ ಇಟ್ಟರೆ ಲ್ಯಾಪ್‌ಟಾಪ್ ಆಫ್ ಆದಾಗ ಅದೂ ಮಾಯ.

ಎಲ್ಲಿಂದ, ಎಲ್ಲಿಗೆ ಅನ್ನುವುದನ್ನು ಮೂರು ಸಲ ನೋಡಿ ಎಂಟರ್ ಒತ್ತಿ. ಅಡಿಮೇಲಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಬರೆದುಕೊಂಡು ಹೋಗುತ್ತದೆ. ಆಮೇಲೆ ನಾನೂ ಇಲ್ಲ, ನೀವೂ ಇಲ್ಲ.

ಗಡ್‌ಬಡ್

ಟಕ್ಸ್ ಸರ್, ಅದರಲ್ಲಿ ಸಿಗುವುದು ಬರೀ ಕಚ್ಚಾ ಇಮೇಜ್, ಅಂದರೆ ಡಿಸ್ಕಿನ ಬೈಟ್‌ಗಳ ಯಥಾನಕಲು ಅಲ್ವಾ? ವಿಎಚ್‌ಡಿ ಅಲ್ಲವಲ್ಲ.

ಟಕ್ಸ್

ಹೌದು. ವರ್ಚುವಲ್‌ಬಾಕ್ಸ್ (ವರ್ಚುವಲ್ ಪಿಸಿಯ ಹಾಗೆಯೇ ಒಂದು ತಂತ್ರಾಂಶ) ಜೊತೆ ಬರುವ ವಿಬಾಕ್ಸ್‌ಮ್ಯಾನೇಜ್‌ನಲ್ಲಿ ಕಚ್ಚಾ ಇಮೇಜನ್ನು ವಿಎಚ್‌ಡಿ ಮಾಡುವ ಆಜ್ಞೆ ಇದೆ. ಕಚ್ಚಾ ಫೈಲ್ ಮುಟ್ಟದೆ ಹಾಗೇ ಇಡಿ, ಅದು ಹಾಲು. ಹೆಪ್ಪು ಹಾಕುವುದು, ಕಡೆಯುವುದು ಎಲ್ಲ ಬೇರೆ ಪಾತ್ರೆಯಲ್ಲಿ.

ಅಚ್ಚುಮೊಳೆ

ಮೂರು ದಿನದ ವರದಿ.

ಶನಿವಾರ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಅಡಾಪ್ಟರ್ ತಂದೆ. ಉಡುಪಿಯಲ್ಲಿ ನಾಲ್ಕು ಅಂಗಡಿ ಕೇಳಿದೆ. "ಐಡಿಇಯಾ? ಈಗ ಯಾರು ತಗೊಳ್ತಾರೆ" ಅಂದರು. ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಜೇಡರ ಬಲೆ, ಒಂದು ಜಿರಳೆಯ ಸಂಸಾರ, 2009ರ ಒಂದು ಲಗ್ನಪತ್ರಿಕೆಯ ಚೂರು. ಅದು ಅಲ್ಲಿಗೆ ಹೇಗೆ ಹೋಯಿತೋ ಅಪ್ಪನಿಗೂ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಡಿಸ್ಕ್‌ಗೆ ಅಡಾಪ್ಟರಿನ ಪವರ್ ಕೊಟ್ಟೆ. ಶಬ್ದವೇ ಇಲ್ಲ! ನುಣ್ಣಗೆ ತಿರುಗಿತು. ರಿಪೇರಿ ಅಣ್ಣನ ಸಂಶಯ ನಿಜ ಅಂತ ಕಾಣುತ್ತದೆ.

ಡಿಡಿರೆಸ್ಕ್ಯೂ ಶುರು ಮಾಡಿ ಇಪ್ಪತ್ತು ನಿಮಿಷ ಆಗಿರಲಿಲ್ಲ, ಕರೆಂಟು ಹೋಯಿತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಉಂಟು, ಹಳೆ ಡಿಸ್ಕಿನ ಪವರ್ ಇಟ್ಟಿಗೆಗೆ ಎಲ್ಲಿಯ ಬ್ಯಾಟರಿ? ಟುಸ್ ಅಂತ ನಿಂತಿತು. ನನ್ನ ಕೈ ತಣ್ಣಗಾಯಿತು. ಕರೆಂಟು ಬಂದ ಮೇಲೆ ಮತ್ತೆ ಅದೇ ಆಜ್ಞೆ ಕೊಟ್ಟರೆ ಅಂಥ ಡಿಸ್ಕೇ ಇಲ್ಲ ಅನ್ನುತ್ತದೆ.

ಟಕ್ಸ್

ಮತ್ತೆ ಸಿಕ್ಕಿಸಿದಾಗ ಡಿಸ್ಕಿನ ಹೆಸರಿನ ಕೊನೆಯ ಅಕ್ಷರ ಬದಲಾಗಿರುತ್ತದೆ. ಬಿ ಇದ್ದದ್ದು ಸಿ ಅಥವಾ ಡಿ ಆಗಿರಬಹುದು. ಗಾತ್ರ ನೋಡಿ ಯಾವುದು ಅಂತ ಗುರುತಿಸಿ. ಅಂದಾಜಿಗೆ ಕೊಡಬೇಡಿ.

ಅಚ್ಚುಮೊಳೆ

ಹೌದು, ಅದೇ ಆಗಿದ್ದದ್ದು. ಹೊಸ ಹೆಸರು, ಹಳೆ ಮ್ಯಾಪ್ ಕೊಟ್ಟೆ. ಬಿಟ್ಟಲ್ಲಿಂದಲೇ ಹೊರಟಿತು. ಪವರ್ ಇಟ್ಟಿಗೆಯನ್ನು ಪಕ್ಕದ ಮನೆಯ ಇನ್ವರ್ಟರ್ ಲೈನಿಗೆ ಹಾಕಿದೆವು. ಊಟಕ್ಕೆ ಕೂರುವ ಮೊದಲು ಮುಗಿಯಿತು. ಎರಡು ಕಡೆ ಮಾತ್ರ ಓದಲಾಗಲಿಲ್ಲ, ಎರಡೂ ಸೇರಿ ಕೆಲವೇ ಕೆಬಿ.

ವಿಎಚ್‌ಡಿ ಮಾಡಿ ವಿಂಡೋಸ್‌ನಲ್ಲಿ ಅಟ್ಯಾಚ್ ಮಾಡಿದೆ. ಗಡ್‌ಬಡ್ ಹೇಳಿದ ಹಾಗೆ ಎರಡು ಡ್ರೈವ್ ಬಂದು ಕೂತವು. ನಮ್ಮ ಹಳೆ ಸಿ, ಹಳೆ ಡಿ. ಡೆಸ್ಕ್‌ಟಾಪ್‌ನಲ್ಲಿ ಅಪ್ಪನ "ಅರ್ಜೆಂಟ್", "ಅರ್ಜೆಂಟ್ ಹೊಸದು", "ಅರ್ಜೆಂಟ್ ಹೊಸದು 2" ಎಲ್ಲ ಇದ್ದಲ್ಲೇ ಉಂಟು.

ಈಗ ಎರಡು ತೊಂದರೆ. ಮೈ ಡಾಕ್ಯುಮೆಂಟ್ಸ್ ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ. ಕಂಟಿನ್ಯೂ ಒತ್ತಿದರೂ ಆಗುವುದಿಲ್ಲ. ಮತ್ತೆ, ಕನ್ನಡ ಇನ್ನೂ ಕಲಸುಮೇಲೋಗರವೇ.

ಗಡ್‌ಬಡ್

ರೀಡ್ ಓನ್ಲಿ ಟಿಕ್ ಹಾಕಿ ಅಟ್ಯಾಚ್ ಮಾಡಿದ್ದೀರಿ ಅಲ್ವಾ? ಒಳ್ಳೆಯ ಅಭ್ಯಾಸವೇ. ಆದರೆ ಕಂಟಿನ್ಯೂ ಒತ್ತಿದಾಗ ವಿಂಡೋಸ್ ಆ ಫೋಲ್ಡರಿನ ಅನುಮತಿ ಪಟ್ಟಿಯಲ್ಲಿ ನಿಮ್ಮ ಹೆಸರು ಬರೆಯಬೇಕು. ಬರೆಯಲಿಕ್ಕೇ ಬಿಡದಿದ್ದರೆ ಎಲ್ಲಿ ಬರೆಯುತ್ತದೆ? ಟಿಕ್ ತೆಗೆಯಬೇಡಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ವಿಂಡೋ ತೆರೆದು ವಿಂಡೋಸಿನದೇ ಕಾಪಿ ಆಜ್ಞೆ ರೋಬೋಕಾಪಿಯನ್ನು ಬ್ಯಾಕಪ್ ಮೋಡ್‌ನಲ್ಲಿ ಓಡಿಸಿ. ಆಜ್ಞೆಯ ಕೊನೆಗೆ ಸ್ಲ್ಯಾಷ್ ಹಾಕಿ ಬಿ. ಅನುಮತಿ ಕೇಳದೆ ಓದಿ ಹೊಸ ಫೋಲ್ಡರಿಗೆ ಹಾಕುತ್ತದೆ.

ಕನ್ನಡದ ವಿಷಯಕ್ಕೆ ಅಚ್ಚು ಕೆಲಸ ಗೊತ್ತಿದ್ದವರೇ ಹೇಳಬೇಕು.

ಎರಡು ಕಾಲಂ (ಮಂಗಳೂರು)

ನಾನು ಹೇಳುತ್ತೇನೆ. ಇಪ್ಪತ್ತೈದು ವರ್ಷ ಪುಟ ಕಟ್ಟಿದವನು.

ಆ ಕಾಲದ ಫಾಂಟ್‌ಗಳಲ್ಲಿ ಕನ್ನಡ ಅನ್ನುವುದು ಬರೀ ಚಿತ್ರ. ಕಂಪ್ಯೂಟರಿನ ಲೆಕ್ಕಕ್ಕೆ ಅದು ಇಂಗ್ಲಿಷ್ ಅಕ್ಷರವೇ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ನಮ್ಮ ತಲೆಕಟ್ಟು, ಗುಣಿತ, ಒತ್ತುಗಳ ಚೂರುಗಳನ್ನು ಕೂರಿಸಿದ್ದಾರೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಮುಖವಾಡ ಕಳಚಿದ ಇಂಗ್ಲಿಷ್. ಯೂನಿಕೋಡ್‌ನಲ್ಲಿ ಹಾಗಲ್ಲ, "ಕ" ಅಂದರೆ ಯಾವ ಫಾಂಟಿನಲ್ಲೂ "ಕ"ವೇ. ಇನ್ನೊಂದು ಗಮನಿಸಿ, ನುಡಿಯ ಚೂರುಗಳ ಜಾಗ ಬೇರೆ, ಶ್ರೀಲಿಪಿಯ ಜಾಗ ಬೇರೆ. ನುಡಿಯಿಂದ ಯೂನಿಕೋಡ್ ಮಾಡುವ ಪರಿವರ್ತಕಕ್ಕೆ ಶ್ರೀಲಿಪಿ ಬರಹ ಕೊಟ್ಟರೆ ಹೊಸ ನಮೂನೆಯ ಕಲಸುಮೇಲೋಗರ ಸಿಗುತ್ತದೆ.

ಇಡೀ ಡಿಸ್ಕಿನ ಇಮೇಜ್ ತೆಗೆದದ್ದರ ಲಾಭ ಈಗ ನೋಡಿ. ಹಳೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಅಂತ ಉಂಟು. ನಿಮ್ಮ ಅಪ್ಪ ಬಳಸಿದ ಪ್ರತಿಯೊಂದು ಫಾಂಟ್ ಅಲ್ಲಿ ಕೂತಿದೆ. ಹೋದ ವರ್ಷ ಪೆನ್‌ಡ್ರೈವ್‌ಗೆ ಹಾಕುವಾಗ ಅದನ್ನು ಯಾರೂ ನೆನಪು ಮಾಡಲಿಲ್ಲ. ಮಾಡುವುದೂ ಇಲ್ಲ, ಫಾಂಟ್ ಯಾರ ಕಣ್ಣಿಗೂ ಡಾಕ್ಯುಮೆಂಟ್ ಅಲ್ಲವಲ್ಲ.

ಅಚ್ಚುಮೊಳೆ

ಬಂತು!! ಕನ್ನಡ ಬಂತು! ನುಡಿಯಲ್ಲಿ ಮಾಡಿದ ವರ್ಡ್ ಫೈಲ್‌ಗಳು ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುತ್ತವೆ. ಧನ್ಯವಾದ ಸರ್.

ಪೇಜ್‌ಮೇಕರ್ ಫೈಲ್ ಮಾತ್ರ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆಯಲು ದಾರಿ ಇಲ್ಲ. ಅದೇ ವಿಎಚ್‌ಡಿಯ ಇನ್ನೊಂದು ಪ್ರತಿ ಮಾಡಿ ವರ್ಚುವಲ್‌ಬಾಕ್ಸ್‌ಗೆ ಕೊಟ್ಟೆ. ಮೊದಲು ನೀಲಿ ಪರದೆ.

ಗಡ್‌ಬಡ್

ವರ್ಚುವಲ್‌ಬಾಕ್ಸ್ ಸೆಟ್ಟಿಂಗ್‌ನಲ್ಲಿ ಡಿಸ್ಕನ್ನು ಸಾಟಾ (ಐಡಿಇಯ ನಂತರ ಬಂದ ಜೋಡಣೆ) ಕಂಟ್ರೋಲರ್‌ಗೆ ಸಿಕ್ಕಿಸಿರುತ್ತೀರಿ. ಎಕ್ಸ್‌ಪಿಗೆ ಅದರ ಡ್ರೈವರ್ ಗೊತ್ತಿಲ್ಲ. ಐಡಿಇಗೆ ಬದಲಿಸಿ. ಹಾಗೆಯೇ ನೆಟ್‌ವರ್ಕ್ ತೆಗೆದುಬಿಡಿ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದಿದೆ, ಹಾಗಾಗಿ ಇಂಟರ್ನೆಟ್‌ಗೆ ಬಿಡುವುದು ಅಪಾಯ.

ಅಚ್ಚುಮೊಳೆ

ಐಡಿಇ ಮಾಡಿದ ಮೇಲೆ ಎಕ್ಸ್‌ಪಿ ಎದ್ದಿತು. ಅದೇ ಹಸಿರು ಗುಡ್ಡ. ಅಪ್ಪ ಕುರ್ಚಿ ಎಳೆದು ಕೂತರು. ಆದರೆ ಯಂತ್ರ ಬದಲಾಗಿದೆ, ಮತ್ತೆ ಆಕ್ಟಿವೇಟ್ ಮಾಡಿ ಅನ್ನುತ್ತದೆ. ಶ್ರೀಲಿಪಿ ತೆರೆದರೆ ಲಾಕ್ (ಅಸಲಿ ಪ್ರತಿ ಅಂತ ತೋರಿಸುವ ಪುಟ್ಟ ಸಾಧನ) ಎಲ್ಲಿ ಅಂತ ಕೇಳುತ್ತದೆ. ನಮ್ಮ ಲಾಕ್ ಹಳೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವಂಥದ್ದು, 25 ಪಿನ್. ಲ್ಯಾಪ್‌ಟಾಪ್‌ನಲ್ಲಿ ಆ ತೂತೇ ಇಲ್ಲ.

ಹಂಪನಕಟ್ಟೆ ರಿಪೇರಿ

ಕಂಪ್ಯೂಟರ್ ಜೊತೆ ಬಂದ ಎಕ್ಸ್‌ಪಿ ಆದರೆ ಅದರ ಲೈಸೆನ್ಸ್ ಆ ಯಂತ್ರಕ್ಕೇ ಕಟ್ಟಿದ್ದು. ವರ್ಚುವಲ್ ಯಂತ್ರಕ್ಕೆ ತೆಗೆದುಕೊಂಡು ಹೋಗುವ ಹಾಗಿಲ್ಲ. ಲಾಕ್ ವಿಷಯದಲ್ಲೂ ಒದ್ದಾಡಬೇಡಿ.

ಉಲ್ಟಾ ಯೋಚನೆ ಮಾಡಿ ತಂಗಿ. ಹಳೆ ಯಂತ್ರಕ್ಕೆ ರೋಗ ಎರಡೇ, ಎಸ್‌ಎಂಪಿಎಸ್ ಮತ್ತು ಮುದಿ ಡಿಸ್ಕ್. ಹೊಸ ಎಸ್‌ಎಂಪಿಎಸ್ ಹಾಕಿ. 120 ಜಿಬಿಯ ಒಂದು ಸಣ್ಣ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಡಿಸ್ಕ್), ಜೊತೆಗೆ ಸಾಟಾದಿಂದ ಐಡಿಇಗೆ ಬದಲಿಸುವ ಬೋರ್ಡ್ ತೆಗೆದುಕೊಳ್ಳಿ. ನಿಮ್ಮ ಹತ್ತಿರ ಕಚ್ಚಾ ಇಮೇಜ್ ಉಂಟಲ್ಲ, ಅದನ್ನು ಹಾಗೆಯೇ ಆ ಎಸ್‌ಎಸ್‌ಡಿಗೆ ಬರೆದು ಹಳೆ ಯಂತ್ರಕ್ಕೆ ಹಾಕಿ. ಅದೇ ಬೋರ್ಡ್, ಅದೇ ಎಕ್ಸ್‌ಪಿ, ಅದೇ ಪ್ರಿಂಟರ್ ಪೋರ್ಟ್. ಬರೀ ಡಿಸ್ಕ್ ಬದಲಾದರೆ ಎಕ್ಸ್‌ಪಿ ತಕರಾರು ಮಾಡುವುದು ಕಡಿಮೆ.

ಎರಡು ಕಾಲಂ

ಅದು ಎದ್ದ ಮೇಲೆ ಮುಖ್ಯವಾದ ಪೇಜ್‌ಮೇಕರ್ ಕೆಲಸಗಳನ್ನೆಲ್ಲ ಪಿಡಿಎಫ್ ಮಾಡಿ. ಪೇಜ್‌ಮೇಕರ್ 7ರ ಜೊತೆ ಪಿಡಿಎಫ್ ಮಾಡುವ ಡಿಸ್ಟಿಲರ್ ಬಂದಿರುತ್ತದೆ. ಫಾಂಟ್ ಒಳಗೇ ಸೇರುವ ಹಾಗೆ ಮಾಡಿ. ಮತ್ತೆ ಪ್ರತಿ ವರ್ಷ ಬರುವ ಹತ್ತು ಹದಿನೈದು ಆಮಂತ್ರಣಗಳನ್ನು ಪುರುಸೊತ್ತಿನಲ್ಲಿ ಯೂನಿಕೋಡ್‌ಗೆ ತನ್ನಿ. ಎಲ್ಲವನ್ನೂ ತರಲು ಹೋಗಬೇಡಿ, ಜೀವ ಹೋಗುತ್ತದೆ. ಪರಿವರ್ತಕ ಮಾಡಿದ್ದನ್ನು ನಂಬಿ ನೇರ ಅಚ್ಚಿಗೆ ಕೊಡಬೇಡಿ. ಅರ್ಕಾವತ್ತು, ಒತ್ತಕ್ಷರದಲ್ಲಿ ಎಡವುತ್ತದೆ. "ಧರ್ಮದರ್ಶಿ"ಯಂಥ ಪದ ಕಣ್ಣಿಟ್ಟು ನೋಡಿ.

ನೀರುದೋಸೆ

ಒಂದು ಮಾತು. ಡಿಟಿಪಿ ಅಂಗಡಿಯ ಡಿಸ್ಕ್ ಅಂದರೆ ಊರವರ ಆಧಾರ್, ರೇಷನ್ ಕಾರ್ಡ್, ಅರ್ಜಿ ಎಲ್ಲ ಸ್ಕ್ಯಾನ್ ಮಾಡಿದ್ದು ಇರುತ್ತದೆ ಅಲ್ವಾ? ಆ ಹಳೆ ಡಿಸ್ಕನ್ನು ಗುಜರಿಯವನಿಗೆ ಹಾಗೇ ಕೊಡಬೇಡಿ ಮಗಳೇ.

ಟಕ್ಸ್

ಕಂಪ್ಯೂಟರ್ ಅಷ್ಟಕ್ಕಷ್ಟೆ ಅಂದವರು ಎಲ್ಲರೂ ಮರೆತದ್ದನ್ನು ಹೇಳಿದರು! ಇಮೇಜಿನಲ್ಲಿ ಅಳಿಸಿದ ಫೈಲಿನ ಅವಶೇಷವೂ ಇರುತ್ತದೆ ಅನ್ನುವುದು ಗೊತ್ತಿರಲಿ. ಆ ಫೈಲನ್ನು ಕಂಡ ಕಂಡ ಕ್ಲೌಡ್‌ಗೆ ಹಾಕಬೇಡಿ. ಎರಡು ಪ್ರತಿ, ಎರಡು ಬೇರೆ ಡಿಸ್ಕ್, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಕಾಪಿ ಆದ ಮೇಲೆ ಎರಡರ ಶಾ256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ತಾಳೆ ನೋಡಿ. ಕೆಲಸ ಮುಗಿದು ಆರು ತಿಂಗಳು ಕಳೆದ ಮೇಲೆ ಹಳೆ ಡಿಸ್ಕನ್ನು ಪೂರ್ತಿ ಸೊನ್ನೆ ಬರೆದು ಅಳಿಸಿ.

ಅಚ್ಚುಮೊಳೆ

ಆಂಟಿ, ನಿಜ. ಸ್ಕ್ಯಾನ್ ಫೋಲ್ಡರ್ ನೋಡಿ ನನಗೇ ಹೆದರಿಕೆ ಆಯಿತು. ಅಪ್ಪನ ಹತ್ತಿರ ಮಾತಾಡಿ ಲ್ಯಾಪ್‌ಟಾಪ್‌ಗೆ ಅದನ್ನು ತರಲೇ ಇಲ್ಲ.

ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಎರಡೂ ಹಾಕಿ ಆಯಿತು. ಒಂದೇ ಒತ್ತಿಗೆ ಎದ್ದಿತು. ಆಕ್ಟಿವೇಶನ್ ಕೇಳಲಿಲ್ಲ, ಶ್ರೀಲಿಪಿ ಲಾಕ್ ಕೂಡ ಒಪ್ಪಿತು. ಮೊದಲು ಎಕ್ಸ್‌ಪಿ ಏಳುವುದರೊಳಗೆ ಅಪ್ಪ ಒಂದು ಚಾ ಮುಗಿಸುತ್ತಿದ್ದರು. ಈಗ ಲೋಟ ಕೈಗೆ ತೆಗೆದುಕೊಳ್ಳುವುದರೊಳಗೆ ಪರದೆ ಬಂದಿರುತ್ತದೆ. "ಹೀಗೆ ಓಡುವುದಾದರೆ ಲ್ಯಾಪ್‌ಟಾಪ್ ಯಾಕೆ ತಂದದ್ದು" ಅಂತ ನನಗೇ ಬೈದರು.

ಅಡಾಪ್ಟರ್ ನನ್ನ ಹತ್ತಿರ ಸುಮ್ನೆ ಕೂತಿದೆ. ಉಡುಪಿ ಕಡೆಯವರು ಯಾರಿಗಾದರೂ ಹಳೆ ಐಡಿಇ ಡಿಸ್ಕ್ ಇದ್ದರೆ ಅಂಗಡಿಗೆ ಬನ್ನಿ, ಕೊಡುತ್ತೇನೆ. ಸ್ಕ್ರೂಡ್ರೈವರ್ ಮಾತ್ರ ನೀವೇ ತನ್ನಿ. ನಮ್ಮದನ್ನು ಅಪ್ಪ ಯಾರಿಗೂ ಮುಟ್ಟಲು ಬಿಡುವುದಿಲ್ಲ.